ಪ್ಲಿಮ್ಮರ್ ಬೆಂಕಿ ಕೆದಕಿದ ಭಾನುವಾರ

ಥಾರ್ನ್‌ಬೆಕ್ ಊರಿನವರು ಅಂಥ ಕಲ್ಲುಮನಸ್ಸಿನವರೇನೂ ಅಲ್ಲ. ಕುಡಿದು ಕಾಲುವೆಗೆ ಬಿದ್ದವನನ್ನು ಮೇಲೆತ್ತಿ, ಒಣಗಿಸಿ, ಮನೆಗೆ ಕಳಿಸುತ್ತಿದ್ದರು. ಎರಡು ಭಾನುವಾರ ಚರ್ಚಿಗೆ ಚಕ್ಕರ್ ಹೊಡೆದವನನ್ನು ಮೂರನೆಯ ಭಾನುವಾರ ಮಾತನಾಡಿಸುತ್ತಿದ್ದರು. ಆದರೆ ಇನ್ನೊಬ್ಬರ ಮನೆಗೆ ಹೋಗಿ, ಅವರ ಅಗ್ಗಿಷ್ಟಿಕೆಗೆ ಒರಗಿಸಿಟ್ಟ ಸಲಾಕೆ ಎತ್ತಿಕೊಂಡು, ಅವರ ಬೆಂಕಿ ಕೆದಕಿದವನನ್ನು ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ. ಏಳು ವರ್ಷದ ಒಡನಾಟ ಆದ ಮೇಲೆ ಕೆದಕಬಹುದು, ಅದಕ್ಕೆ ಮೊದಲು ಕೂಡದು. ಈ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ. ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ತಿದ್ದುವುದಕ್ಕೂ ಯಾರಿಗೂ ದಾರಿ ಇರಲಿಲ್ಲ.

ಕಾನೂನಿನ ತಿರುಳು ಇಷ್ಟೇ: ಬೆಂಕಿ ಮನೆಯವರದು, ಅದನ್ನು ಕೆದಕಿದವನು ಮನೆಯವನು. ಹಳೆಯ ಸ್ನೇಹಿತ ಕೆದಕಿದರೆ ಅದು ಸಲಿಗೆ. ಮದುವೆಯಾಗದ ಹೆಣ್ಣಿರುವ ಮನೆಯಲ್ಲಿ ಮದುವೆಯಾಗದ ಗಂಡಸು ಕೆದಕಿದರೆ, ‘ಮನೆಯವರು’ ಎಂಬ ಮಾತಿಗೆ ಎಷ್ಟು ಅರ್ಥ ಉಂಟೋ ಅಷ್ಟೂ ಅರ್ಥ ಬಂದು ಕೂರುತ್ತದೆ. ಇದು ಊರಿನ ಸಣ್ಣ ಮಕ್ಕಳಿಗೂ ಗೊತ್ತು, ಜೋಸಾಯ ಪ್ಲಿಮ್ಮರ್‌ಗೂ ಗೊತ್ತಿತ್ತು.

ಪ್ಲಿಮ್ಮರ್ ಊರಿನ ನೀರು ಸರಬರಾಜು ಕಚೇರಿಯಲ್ಲಿ ಎರಡನೆಯ ಗುಮಾಸ್ತ. ನಲವತ್ತೇಳು ವರ್ಷ. ನೀರು ಬರಲಿಲ್ಲ, ಬಂದ ನೀರು ಕಂದು ಬಣ್ಣಕ್ಕಿದೆ, ನೀರಿನ ಜೊತೆ ಮೀನೂ ಬಂತು ಎಂದು ಜನ ಬರೆದ ದೂರುಗಳಿಗೆ ಉತ್ತರ ಬರೆಯುವುದು ಅವನ ಕೆಲಸ. ‘ತಮ್ಮ ಪತ್ರ ತಲುಪಿತು, ವಿಷಯವನ್ನು ಗಮನಿಸಲಾಗಿದೆ’ ಎಂದು ಇಪ್ಪತ್ತೆರಡು ವರ್ಷ ಬರೆದೂ ಬರೆದೂ ಅದೇ ಧಾಟಿ ಅವನ ಮೈಗೆ ಹತ್ತಿಬಿಟ್ಟಿತ್ತು. ದನಿ ಬಹಳ ಸಣ್ಣದು. ಅಂಗಡಿಗೆ ಹೋಗಿ ಚೀಸ್ ಕೇಳಿದರೆ ಅಂಗಡಿಯವನು ಮೂರು ಸಲ ‘ಏನು?’ ಅನ್ನುತ್ತಿದ್ದ, ನಾಲ್ಕನೆಯ ಸಲ ಪ್ಲಿಮ್ಮರ್ ಅವನು ಕೊಟ್ಟಿದ್ದನ್ನು ತೆಗೆದುಕೊಂಡು ಬರುತ್ತಿದ್ದ.

ಇಂಥವನು ಹುಟ್ಟಿದಂದಿನಿಂದ ಒಂದು ಬೆಂಕಿಯನ್ನೂ ಕೆದಕಿದವನಲ್ಲ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡು ಚಿಕ್ಕಪ್ಪನ ಮನೆ ಸೇರಿದ. ಅಲ್ಲಿ ಸಲಾಕೆ ಚಿಕ್ಕಪ್ಪನದು. ಆಮೇಲೆಲ್ಲ ಬಾಡಿಗೆ ಕೋಣೆಗಳು, ಅಲ್ಲಿ ಸಲಾಕೆ ಮನೆಯೊಡತಿಯರದು. ಈಗಿನ ಮನೆಯೊಡತಿ ಮಿಸೆಸ್ ಗಾರ್ಸೈಡ್ ಹೊರಗೆ ಹಿಮವೇ ಬೀಳಲಿ, ನವೆಂಬರ್ ಒಂದನೇ ತಾರೀಖಿನವರೆಗೆ ಬೆಂಕಿ ಹಾಕುತ್ತಿರಲಿಲ್ಲ. ಹಾಕಿದ ಮೇಲೂ ಸಂಜೆ ಮೂರೇ ಗಂಟೆ. ಸಲಾಕೆಯನ್ನು ತಮ್ಮ ಕೋಣೆಯಲ್ಲಿಟ್ಟುಕೊಂಡು, ಗಂಟೆಗೊಮ್ಮೆ ತಂದು ಆಡಿಸಿ, ಮತ್ತೆ ಒಯ್ಯುತ್ತಿದ್ದರು. ಬಾಡಿಗೆಯವನ ಎದೆಗೆ ಶೀತ ಹಿಡಿಯಬಾರದೆಂದು ಹೆಬ್ಬಾತಿನ ಕೊಬ್ಬು ಸವರಿದ ಫ್ಲಾನೆಲ್ ಬಟ್ಟೆಯನ್ನು ಅವನಿಗೆ ಸುತ್ತಿ, ಒಳಅಂಗಿಗೆ ಸೇರಿಸಿ ಹೊಲಿದುಬಿಡುತ್ತಿದ್ದರು. ಹೊಲಿಗೆ ಬಿಚ್ಚುವುದು ಮೇ ತಿಂಗಳಲ್ಲಿ. ನಡುವೆ ಸ್ನಾನದ ವಿಚಾರವೇನು ಎಂದು ಕೇಳುವ ಧೈರ್ಯ ಪ್ಲಿಮ್ಮರ್‌ಗೆ ಇರಲಿಲ್ಲ, ನಾವೂ ಕೇಳುವುದು ಬೇಡ.

ವಾರದಲ್ಲಿ ಅವನಿಗೆ ಒಂದೇ ಸುಖ. ಭಾನುವಾರ ಮಧ್ಯಾಹ್ನ ಮೂರಕ್ಕೆ ಓಲ್ಡ್‌ರಾಯ್ಡ್ ಅವರ ಮನೆಗೆ ಚಹಾಕ್ಕೆ ಹೋಗುವುದು. ಏಮಸ್ ಓಲ್ಡ್‌ರಾಯ್ಡ್ ಹರಾಜು ಕೂಗುತ್ತಿದ್ದವರು. ಮೂವತ್ತು ವರ್ಷ ಕೂಗಿದ್ದಕ್ಕೋ ಏನೋ ಈಗ ಕಿವಿ ಕೇಳಿಸದು, ಕಾಲಿಗೆ ವಾತ ಬೇರೆ. ಜೊತೆಗಿರುವವಳು ತಂಗಿ ಹೆಸ್ಟರ್, ನಲವತ್ತೆರಡು ವರ್ಷ, ಚರ್ಚಿನಲ್ಲಿ ಹಾಡುತ್ತಾಳೆ. ಪ್ಲಿಮ್ಮರ್ ತನ್ನ ಸಣ್ಣ ದನಿಯಲ್ಲಿ ಏನಾದರೂ ಹೇಳುವುದು, ಏಮಸ್ ‘ಏನಂತೆ?’ ಅನ್ನುವುದು, ಹೆಸ್ಟರ್ ಅದನ್ನು ಎತ್ತರದ ದನಿಯಲ್ಲಿ ಅಣ್ಣನಿಗೆ ಮುಟ್ಟಿಸುವುದು, ಹೀಗೆ ಆರು ವರ್ಷದಿಂದ ಆ ಮನೆಯ ಸಂಭಾಷಣೆ ನಡೆದುಕೊಂಡು ಬಂದಿತ್ತು. ಸಾಲುಮನೆಗಳ ಬೀದಿ, ನಡುವೆ ಒಂದೇ ಗೋಡೆ. ಪಕ್ಕದಲ್ಲಿ ಪಿಯಾನೋ ಪಾಠ ಹೇಳುವ ಮಿಸೆಸ್ ಟೋರ್ಡಾಫ್ ಇದ್ದರು. ಈ ಕಡೆಯ ಮಾತು ಸ್ವಾರಸ್ಯವಾದರೆ ಆ ಕಡೆಯ ಪಿಯಾನೋ ನಿಲ್ಲುತ್ತಿತ್ತು.

ಆ ಕೋಣೆಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೂ ಕ್ರಮ ಇತ್ತು. ಬೆಂಕಿಗೆ ಕಾಲು ಚಾಚಿ ಯಜಮಾನರು. ಅವರ ಎದುರು ಹೆಸ್ಟರ್. ಹೆಂಗಸಿನ ಕೆನ್ನೆಗೆ ಝಳ ತಾಗಬಾರದೆಂದು ಅವಳ ಮುಂದೆ ಕಸೂತಿಯ ಸಣ್ಣ ತೆರೆ. ಅತಿಥಿಯ ಕುರ್ಚಿ ಬಾಗಿಲ ಬಳಿ. ಬಾಗಿಲ ಸಂದಿನಿಂದ ಬರುವ ಗಾಳಿ ಪ್ಲಿಮ್ಮರ್‌ನ ಎಡ ಕಿವಿಯಲ್ಲಿ ಹೊಕ್ಕು ಬಲ ಕಿವಿಯಲ್ಲಿ ಹೊರಡುತ್ತಿತ್ತು. ಸಾಲದ್ದಕ್ಕೆ ನಾಲ್ಕು ಗಂಟೆ ಹೊತ್ತಿಗೆ ಬೆಂಕಿ ಕುಂದಿ ಬರೀ ಕೆಂಡ ಉಳಿಯುತ್ತಿತ್ತು. ಯಾರೂ ಕೆದಕುತ್ತಿರಲಿಲ್ಲ. ಏಮಸ್‌ಗೆ ನಿದ್ದೆ, ಹೆಸ್ಟರ್‌ಗೆ ಹೆಣಿಗೆ. ಇವರು ಇದ್ದಲಿನಲ್ಲಿ ಸ್ವಲ್ಪ ಹಿಡಿತದ ಜನ ಎಂದುಕೊಂಡು ಪ್ಲಿಮ್ಮರ್ ಬೆರಳುಗಳನ್ನು ತೊಡೆಯ ಕೆಳಗಿಟ್ಟು ಕೂರುತ್ತಿದ್ದ. ಆದರೂ ಭಾನುವಾರ ತಪ್ಪಿಸುತ್ತಿರಲಿಲ್ಲ.

ಜನವರಿಯ ಆ ಭಾನುವಾರ ಕಾಲುವೆ ಹೆಪ್ಪುಗಟ್ಟಿ ದೋಣಿಗಳೆಲ್ಲ ನಿಂತಲ್ಲೇ ನಿಂತಿದ್ದವು. ಊರಿನ ನೀರಿನ ಕೊಳವೆಗಳೂ ಕಟ್ಟಿಕೊಂಡಿದ್ದವು. ಅದರಲ್ಲೂ ಮಿಲ್ ಬೀದಿಯ ಕೊಳವೆಯದು ದೊಡ್ಡ ರಾಮಾಯಣ. ನಮ್ಮ ಪ್ಲಿಮ್ಮರ್‌ನ ಜೀವನದಲ್ಲಿ ಮೊದಲ ಬಾರಿಗೆ ಹೇಳಿಕೊಳ್ಳುವಂಥ ಸುದ್ದಿಯೊಂದು ಅವನ ಬಳಿ ಇತ್ತು. ಹೆಸ್ಟರ್ ಚಹಾ ತರಲು ಒಳಗೆ ಹೋಗಿದ್ದಳು. ಏಮಸ್ ತೂಕಡಿಸುತ್ತಿದ್ದರು. ಅವರಿಗೆ ಕೇಳಲೆಂದು ಪ್ಲಿಮ್ಮರ್ ಎದ್ದು ಹತ್ತಿರ ಹೋದ.

“ನಮ್ಮ ಕೊಳಾಯಿಯವನು ಏನು ಮಾಡ್ದ ಗೊತ್ತಾ ಸಾರ್? ಬಿಸಿನೀರು ಗಿಸಿನೀರು ಏನೂ ಬೇಡ ಅಂದ. ಉದ್ದನೆ ಕಬ್ಬಿಣ ತಗೊಂಡ. ಹೀಗೆ ಹಿಡ್ಕೊಂಡ. ಹೀಗೆ ತೂರಿಸ್ದ.”

ಹೀಗೆ ಎಂದು ತೋರಿಸುವುದಕ್ಕೆ ಕೈಗೆ ಸಿಕ್ಕಿದ್ದು ಸಲಾಕೆ. ತೂರಿಸುವುದಕ್ಕೆ ಎದುರಿಗಿದ್ದದ್ದು ಅಗ್ಗಿಷ್ಟಿಕೆ. ದೊಡ್ಡ ಇದ್ದಲ ಗಟ್ಟಿಯೊಂದು ಫಟ್ಟೆಂದು ಎರಡಾಗಿ, ಆರು ವರ್ಷದಲ್ಲಿ ಆ ಕೋಣೆ ಕಾಣದಿದ್ದ ಉರಿ ಎದ್ದಿತು. ಏಮಸ್ ಕಣ್ಣುಬಿಟ್ಟರು. ಬಾಗಿಲಲ್ಲಿ ಹೆಸ್ಟರ್ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯ ಮೇಲಿನ ಬಟ್ಟಲುಗಳೆಲ್ಲ ಕಿಣಿಕಿಣಿ ಅಂದವು.

ಏಮಸ್ ಸಲಾಕೆಯನ್ನು ನೋಡಿದರು, ಪ್ಲಿಮ್ಮರ್‌ನನ್ನು ನೋಡಿದರು.

“ಎಷ್ಟು ವರ್ಷ ಆಯ್ತಯ್ಯಾ?”

ಪ್ಲಿಮ್ಮರ್‌ಗೆ ಹಿಗ್ಗು. ಕೊಳವೆಯ ಬಗ್ಗೆ ಯಾರೂ ಅವನನ್ನು ಇದುವರೆಗೆ ಇಷ್ಟು ಗಂಭೀರವಾಗಿ ಕೇಳಿರಲಿಲ್ಲ.

“ಬರೋ ಈಸ್ಟರ್‌ಗೆ ಏಳು ತುಂಬುತ್ತೆ ಸಾರ್. ಇಷ್ಟು ದಿನ ಹೇಗೋ ಒಳಗೊಳಗೇ ಕಟ್ಕೊಂಡಿತ್ತು. ಈ ಚಳಿಗೆ ಇನ್ನು ತಡೆಯೋಕಾಗ್ಲಿಲ್ಲ.”

“ಏನಂತೆ?”

ಹೆಸ್ಟರ್ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಬೆಂಕಿಯ ಝಳ ಅಷ್ಟು ದೂರ ತಾಗದಿದ್ದರೂ ಅವಳ ಮುಖ ಕೆಂಪಾಗಿತ್ತು.

“ಏಳು ತುಂಬುತ್ತಂತೆ ಅಣ್ಣ,” ಎಂದು ಕೂಗಿದಳು. “ಒಳಗೊಳಗೇ ಇತ್ತಂತೆ. ಇನ್ನು ತಡೆಯೋಕಾಗ್ಲಿಲ್ಲವಂತೆ.”

ಪಕ್ಕದ ಮನೆಯ ಪಿಯಾನೋ ನಿಂತಿತು.

“ಹಾಗಾದ್ರೆ ಸರಿ,” ಎಂದ ಏಮಸ್ ಮತ್ತೆ ಕಣ್ಣುಮುಚ್ಚಿದರು. ಹೆಸ್ಟರ್ ಅಂದು ಕೇಳದೆಯೇ ಪ್ಲಿಮ್ಮರ್‌ನ ಚಹಾಕ್ಕೆ ಎರಡು ಸಕ್ಕರೆ ಅಚ್ಚು ಹಾಕಿದಳು. ಕೊಳವೆಯ ಕಥೆ ಇಷ್ಟು ರುಚಿಸಿದ್ದಕ್ಕೆ ಸಂತೋಷಪಟ್ಟು, ಇನ್ನಷ್ಟು ಕೊಳವೆಗಳ ಸಂಗತಿ ಹೇಳಿ, ಪ್ಲಿಮ್ಮರ್ ಮನೆಗೆ ಹೋದ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಥಾರ್ನ್‌ಬೆಕ್‌ನಲ್ಲಿ ಗೋಡೆಯೂ ತೆಳ್ಳಗಿದ್ದದ್ದರಿಂದ ಎರಡೂ ಕೆಲಸ ಒಟ್ಟಿಗೇ ಆಗುತ್ತಿದ್ದವು. ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಿಸೆಸ್ ಟೋರ್ಡಾಫ್ ಹಾಲಿನವನಿಗೆ ಹೇಳಿ, ಹಾಲಿನವನು ಹದಿನಾರು ಮನೆಗೆ ಅಳೆದು ಹಾಕಿದ್ದ. ಹತ್ತಕ್ಕೆ ಮಾಂಸದಂಗಡಿಯಲ್ಲಿ ಲೆಕ್ಕ ಶುರುವಾಯಿತು. ಪ್ಲಿಮ್ಮರ್ ಆ ಮನೆಗೆ ಹೋಗಿಬರಲು ಶುರುಮಾಡಿದ್ದು ಚರ್ಚಿನ ಗಂಟೆ ಬಿರುಕುಬಿಟ್ಟ ವರ್ಷ. ಅಲ್ಲಿಂದ ಇಲ್ಲಿಗೆ ಆರೇ ವರ್ಷ. ಏಳು ಅಂದನಲ್ಲ, ಎಲ್ಲಿಂದ ಬಂತು ಇನ್ನೊಂದು?

“ಒಂದು ವರ್ಷ ಸುಳ್ಳು ಹೇಳ್ದ ನೋಡ್ರೀ,” ಎಂದಳಂತೆ ಮಾಂಸದಂಗಡಿಯವನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. “ಇನ್ನೊಂದು ವರ್ಷ ಕಾಯೋಕಾಗ್ದೆ. ನಮ್ಮನೆಯವರು ನನಗೋಸ್ಕರ ಒಂದು ವಾರದ ಸುಳ್ಳನ್ನೂ ಹೇಳ್ಲಿಲ್ಲ.”

ಕಚೇರಿಯಲ್ಲಿ ಹೆಡ್ ಗುಮಾಸ್ತರಾದ ಕ್ರಾಬ್‌ಟ್ರೀ ತಾವಾಗಿಯೇ ಪ್ಲಿಮ್ಮರ್‌ನ ಮೇಜಿನ ಬಳಿ ಬಂದರು. ಅವರು ಹಾಗೆ ಬಂದದ್ದು ಹನ್ನೊಂದು ವರ್ಷದಲ್ಲಿ ಎರಡನೆಯ ಸಲ. ಮೊದಲ ಸಲ ಕೊಡೆ ಮರೆತಿದ್ದರು.

“ಏನ್ರೀ ಪ್ಲಿಮ್ಮರ್, ಕೊನೆಗೂ ಕೈ ಹಾಕಿದ್ರಂತೆ?”

ಪ್ಲಿಮ್ಮರ್ ಮುಂದೆ ಮಿಲ್ ಬೀದಿಯ ಕಾಗದಗಳಿದ್ದವು. “ಹಾಕ್ಲೇಬೇಕಾಯ್ತು ಸಾರ್. ಎಷ್ಟು ದಿನ ಅಂತ ಮುಂದೂಡೋದು.”

“ಸರಿ ಸರಿ. ಆಕೆ ಏನಂದ್ರು?”

ಮಿಲ್ ಬೀದಿಯಿಂದ ದೂರು ಬರೆದಿದ್ದಾಕೆ ಒಬ್ಬ ವಿಧವೆ. “ಆಕೆಗೆ ಬಹಳ ಸಂತೋಷ ಸಾರ್. ಪಾಪ, ಮೂರು ವಾರದಿಂದ ಒಣಗಿ ಕೂತಿದ್ರು.”

ಕ್ರಾಬ್‌ಟ್ರೀ ಕೆಮ್ಮಿದರು.

“ಅದೇ ಬೀದೀಲಿ ಇನ್ನೂ ನಾಲ್ಕು ಮನೆಯೋರು ಕಾಯ್ತಿದ್ದಾರೆ ಸಾರ್,” ಎಂದ ಪ್ಲಿಮ್ಮರ್, ತನ್ನ ಉತ್ಸಾಹವನ್ನು ಮೇಲಿನವರು ಗಮನಿಸಲಿ ಎಂದು. “ಅವರದೂ ಈ ವಾರದಲ್ಲೇ ಮುಗಿಸಿಬಿಡೋಣ ಅಂತ.”

ಕ್ರಾಬ್‌ಟ್ರೀ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ವರ್ಷ ಇವನನ್ನು ತಾವು ಅರಿಯಲೇ ಇಲ್ಲವಲ್ಲ ಎಂದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಪ್ಲಿಮ್ಮರ್‌ಗೆ ಕಣ್ಣು ತೆರೆಸಿದವರು ಮಿಸೆಸ್ ಗಾರ್ಸೈಡ್. ಮಂಗಳವಾರ ಸಂಜೆ ಸಲಾಕೆ ಹಿಡಿದು ಬಂದರು. ಬೆಂಕಿಯನ್ನು ಆಡಿಸಲಿಲ್ಲ, ನಡುವಿಗೆ ಕೈಕೊಟ್ಟು ನಿಂತರು.

“ಒಂಬತ್ತು ವರ್ಷ ನನ್ನ ಉಪ್ಪು ತಿಂದಿದ್ದೀರಿ. ನನಗೆ ಒಂದು ಮಾತು ಹೇಳೋಕಾಗ್ಲಿಲ್ಲ. ಹಾಲಿನವನ ಬಾಯಿಂದ ಕೇಳ್ಬೇಕಾಯ್ತು.”

“ಏನನ್ನ ಅಮ್ಮಾ?”

“ಏನನ್ನ ಅಂತೆ. ಓಲ್ಡ್‌ರಾಯ್ಡ್ ಮನೆ ಬೆಂಕಿ ಕೆದಕಿದ್ದು ಯಾರು, ನಾನಾ?”

ಪ್ಲಿಮ್ಮರ್ ನಗುತ್ತ ಇಲ್ಲವೆಂದು ತಲೆ ಆಡಿಸಹೊರಟ. ಕೊಳಾಯಿಯವನು ಹೀಗೆ ಹಿಡಿದ, ಹೀಗೆ ತೂರಿಸಿದ ಎಂಬುದು ನೆನಪಿಗೆ ಬಂತು. ತಲೆ ಅಲ್ಲೇ ನಿಂತಿತು. ಕೈಯಲ್ಲಿದ್ದ ಕಬ್ಬಿಣದ ಭಾರ ಈಗ ನೆನಪಾಯಿತು. ಹೆಸ್ಟರ್‌ಳ ಕೆಂಪು ಮುಖ ನೆನಪಾಯಿತು. ‘ಎಷ್ಟು ವರ್ಷ ಆಯ್ತಯ್ಯಾ’ ಎಂದದ್ದು ಕೊಳವೆಯ ಬಗ್ಗೆ ಅಲ್ಲ.

“ಅಯ್ಯೋ,” ಎಂದ.

“ಅಯ್ಯೋ ಯಾಕೆ? ಒಳ್ಳೇ ಹೆಂಗಸು. ಪೇಟೆಯಲ್ಲೆಲ್ಲ ಕೈ ಕುಲುಕಿಸ್ಕೊಂಡು ಓಡಾಡ್ತಾ ಇದ್ದಾಳೆ, ಹತ್ತು ವರ್ಷ ಚಿಕ್ಕೋಳಾಗಿ ಕಾಣ್ತಾಳೆ. ನಿಮ್ಮ ಕೋಣೇನ ಕೊಡೆ ಮಾರೋ ಒಬ್ಬರಿಗೆ ಮಾತು ಕೊಟ್ಟಾಯ್ತು, ಮಾರ್ಚಿಗೆ ಬಿಟ್ಟುಕೊಡಿ. ಆ ಫ್ಲಾನೆಲ್ ಹೊಲಿಗೆ ಇದ್ಯಲ್ಲ, ಮೇ ತಿಂಗಳಲ್ಲಿ ಅದನ್ನ ಬಿಚ್ಚೋಳು ಇನ್ನು ನಾನಲ್ಲ, ಅವಳೇ.”

ಹೀಗೆಂದು, ಸಂತೋಷಕ್ಕೋ ಸಿಟ್ಟಿಗೋ, ಬೆಂಕಿಯನ್ನು ಎರಡು ಸಲ ತಿವಿದು ಹೊರಟುಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಹೆಸ್ಟರ್ ಓಲ್ಡ್‌ರಾಯ್ಡ್ ಎಂದರೆ ಪ್ಲಿಮ್ಮರ್‌ಗೆ ಇಷ್ಟವಿರಲಿಲ್ಲವೇ? ಇತ್ತು. ಎಷ್ಟೆಂದರೆ ಆ ಇಷ್ಟವನ್ನು ಅವನು ಆರು ವರ್ಷದಿಂದ ತನಗೂ ಹೇಳಿಕೊಂಡಿರಲಿಲ್ಲ. ಬಾಡಿಗೆ ಕೋಣೆಯವನು, ಬಾಗಿಲ ಬಳಿ ಕೂರುವವನು, ಅಷ್ಟು ದೊಡ್ಡದನ್ನು ಕೇಳಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ. ಈಗ ಅವನನ್ನು ಕೊರೆದದ್ದು ಒಂದೇ ಯೋಚನೆ. ಅವಳು ಮೋಸ ಹೋಗಿದ್ದಾಳೆ. ಕೊಳವೆಯೊಂದರ ಕಥೆಯನ್ನು ತನ್ನದೆಂದುಕೊಂಡಿದ್ದಾಳೆ. ನಿಜ ಹೇಳದೆ ಇದ್ದರೆ ತಾನು ಕಳ್ಳ. ಹೇಳಿದರೆ ಊರು ಅವಳನ್ನು ನೋಡಿ ನಗುತ್ತದೆ, ತನಗೆ ಭಾನುವಾರ ಎಂಬುದು ಇನ್ನು ಇರುವುದಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬುಧವಾರ ಓಲ್ಡ್‌ರಾಯ್ಡ್ ಮನೆಗೆ ಒಂದು ಕಾಗದ ಬರೆದ. ನಾಲ್ಕು ಸಲ ಹರಿದು ಐದನೆಯದನ್ನು ಕಳಿಸಿದ. ಅವನಿಗೆ ಬರುತ್ತಿದ್ದದ್ದು ಒಂದೇ ಧಾಟಿ.

‘ಮಾನ್ಯರೇ, ಕಳೆದ ಭಾನುವಾರ ತಮ್ಮ ಮನೆಯಲ್ಲಿ ನಡೆದ ಘಟನೆಯ ವಿಷಯವನ್ನು ಗಮನಿಸಲಾಗಿದೆ. ಸದರಿ ಘಟನೆ ಉದ್ದೇಶಪೂರ್ವಕವಲ್ಲ, ಕೊಳವೆಯೊಂದರ ದುರಸ್ತಿಯನ್ನು ವಿವರಿಸುವಾಗ ಆಕಸ್ಮಿಕವಾಗಿ ಸಂಭವಿಸಿದ್ದು. ಇದು ಮರುಕಳಿಸದಂತೆ ಎಚ್ಚರ ವಹಿಸಲಾಗುವುದು. ತಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ. ತಾವು ಇಚ್ಛಿಸಿದಲ್ಲಿ ಸಂಪರ್ಕವನ್ನು ಕಡಿತಗೊಳಿಸಲಾಗುವುದು.’

ಕೊನೆಯ ಸಾಲನ್ನು ಕೈ ತಾನಾಗಿಯೇ ಬರೆದಿತ್ತು. ಕಾಗದ ಪೆಟ್ಟಿಗೆಗೆ ಬಿದ್ದ ಮೇಲೆ ಅದು ನೆನಪಾಗಿ ಪ್ಲಿಮ್ಮರ್ ಅಂಚೆಪೆಟ್ಟಿಗೆಯ ಬಾಯಿಗೆ ಕೈ ತೂರಿಸಿದ. ಪೊಲೀಸಿನವನು ಬಂದು ಕೈ ತೆಗೆಯಲು ಹೇಳಿದ. ಏಕೆಂದು ಕೇಳಿದ್ದಕ್ಕೆ ಪ್ಲಿಮ್ಮರ್ ಕೊಟ್ಟ ಉತ್ತರ ಅವನಿಗೆ ಮೂರು ಸಲ ಕೇಳಿದರೂ ಕೇಳಿಸಲಿಲ್ಲ.

ಶುಕ್ರವಾರ ಓಲ್ಡ್‌ರಾಯ್ಡ್ ಮನೆಯಿಂದ ಒಂದು ಚೀಟಿ ಬಂತು. ಹೆಸ್ಟರ್‌ಳ ಅಕ್ಷರವಲ್ಲ. ಅವಳ ಅಕ್ಕ ಮಿಸೆಸ್ ಲವಿನಿಯಾ ಸಗ್ಡನ್ ತಂಗಿಯ ಶುಭಸುದ್ದಿ ಕೇಳಿ ಪಕ್ಕದ ಕಣಿವೆಯಿಂದ ರೈಲು ಹತ್ತಿ ಬಂದಿದ್ದರು. ಬಂದವರ ಕೈಗೆ ಮೊದಲು ಸಿಕ್ಕಿದ್ದು ಪ್ಲಿಮ್ಮರ್ ಬರೆದ ಕಾಗದ. ‘ಮಿ. ಪ್ಲಿಮ್ಮರ್ ಅವರನ್ನು ಭಾನುವಾರ ಮೂರೂವರೆಗೆ ಹದಿನೈದು ನಿಮಿಷ ಭೇಟಿ ಮಾಡಲಾಗುವುದು’ ಎಂದಿತ್ತು ಚೀಟಿಯಲ್ಲಿ. ಹದಿನೈದು ನಿಮಿಷ ಎಂದರೆ ಪರಿಚಯವೇ ಇಲ್ಲದವರು ಬಂದಾಗ ಕೊಡುವ ಹೊತ್ತು.

ಮಿಸೆಸ್ ಸಗ್ಡನ್ ಆ ಕಾಗದವನ್ನು ಗಟ್ಟಿಯಾಗಿ ಓದಿದ್ದು ಗೋಡೆಯಾಚೆಗೂ ಕೇಳಿಸಿ, ಊರು ಆಗಲೇ ಮಗ್ಗುಲು ಬದಲಿಸಿತ್ತು. ಮಾಂಸದಂಗಡಿಯವನ ಹೆಂಡತಿ ಅವನ ಪಾಲಿಗೆ ಮೂಳೆ ಹೆಚ್ಚಾಗಿ ಕಟ್ಟಿಕೊಟ್ಟಳು. “ಬೆಂಕಿ ಹಚ್ಚೋದು, ಆಮೇಲೆ ನೀರು ಹಾಕೋದು. ನೀರಿನ ಕಚೇರಿಯೋನಲ್ವಾ,” ಎಂದು ಅವನಿಗೆ ಕೇಳುವಂತೆಯೇ ಇನ್ನೊಬ್ಬರಿಗೆ ಹೇಳಿದಳು. ಕ್ರಾಬ್‌ಟ್ರೀ ಮಿಲ್ ಬೀದಿಯ ಕಡತವನ್ನು ಅವನಿಂದ ಕಿತ್ತು ಮದುವೆಯಾದ ಗುಮಾಸ್ತನಿಗೆ ಕೊಟ್ಟರು. ಕೋಣೆಯ ವಿಚಾರ ಕೇಳಿದ್ದಕ್ಕೆ ಮಿಸೆಸ್ ಗಾರ್ಸೈಡ್, “ಕೊಟ್ಟ ಮಾತಿಗೆ ತಪ್ಪೋ ಅಭ್ಯಾಸ ನನಗಿಲ್ಲ,” ಎಂದರು.

ಭಾನುವಾರ ಮೂರೂವರೆಗೆ ಪ್ಲಿಮ್ಮರ್ ಬಾಗಿಲು ಬಡಿದ. ಮೈಮೇಲೆ ಎರಡು ಅಂಗಿ, ಅದರೊಳಗೆ ಹೊಲಿದ ಫ್ಲಾನೆಲ್. ಎಂದಿನ ಚಳಿಗೆ ತಯಾರಾಗಿ ಬಂದಿದ್ದ. ಒಳಗೆ ಕಾಲಿಟ್ಟರೆ ಕುಲುಮೆ. ಅಗ್ಗಿಷ್ಟಿಕೆಯ ತುಂಬ ಇದ್ದಲು ಪೇರಿಸಿ, ಉರಿ ಚಿಮಣಿಯೊಳಕ್ಕೆ ನಾಲಿಗೆ ಚಾಚುವಂತೆ ಹೊತ್ತಿಸಿದ್ದರು. ಯಾರೂ ಯಾವ ನೆಪದಲ್ಲೂ ಕೆದಕಬೇಕಾಗಿರಲಿಲ್ಲ. ಸಲಾಕೆಯನ್ನು ಮಿಸೆಸ್ ಸಗ್ಡನ್ ತಮ್ಮ ಕುರ್ಚಿಗೆ ಒರಗಿಸಿಕೊಂಡು ಅದರ ಮೇಲೆ ಕೈಯಿಟ್ಟು ಕೂತಿದ್ದರು. ಏಮಸ್ ಎಂದಿನ ಜಾಗದಲ್ಲಿ. ಹೆಸ್ಟರ್ ತೆರೆಯ ಹಿಂದೆ, ಹೆಣಿಗೆ ಇಲ್ಲದೆ.

ಹದಿನೈದು ನಿಮಿಷಕ್ಕೆ ಬಂದವನು ಹ್ಯಾಟನ್ನು ಕೈಯಲ್ಲೇ ಹಿಡಿದು ಕೂರಬೇಕು. ಕೆಳಗಿಟ್ಟರೆ ಉಳಿದುಕೊಳ್ಳುವ ಯೋಚನೆ ಇದೆ ಎಂದಾಗುತ್ತದೆ. ಪ್ಲಿಮ್ಮರ್ ಹ್ಯಾಟನ್ನು ಎರಡು ಕೈಯಲ್ಲೂ ಹಿಡಿದು ಕೂತ. ಎದೆಯ ಮೇಲಿನ ಹೆಬ್ಬಾತಿನ ಕೊಬ್ಬು ಕರಗಿ ಹನಿಹನಿಯಾಗಿ ಇಳಿಯತೊಡಗಿತು.

“ಹೇಳಿ,” ಎಂದರು ಮಿಸೆಸ್ ಸಗ್ಡನ್, ಗಡಿಯಾರ ನೋಡಿ.

ಅವನು ಹೇಳಿದ. ಚಳಿ, ಕೊಳಾಯಿಯವನು, ಹೀಗೆ ಹಿಡಿದದ್ದು, ಏಳು ವರ್ಷದ ಕೊಳವೆ, ಎಲ್ಲವನ್ನೂ ತನ್ನ ಸಣ್ಣ ದನಿಯಲ್ಲಿ ಹ್ಯಾಟಿಗೆ ಹೇಳಿದ.

“ಏನಂತೆ?” ಎಂದರು ಏಮಸ್.

ಅಣ್ಣನಿಗೆ ಮುಟ್ಟಿಸುವುದು ಆ ಮನೆಯಲ್ಲಿ ಒಬ್ಬಳದೇ ಕೆಲಸ. ಹೆಸ್ಟರ್ ಗಂಟಲು ಸರಿಮಾಡಿಕೊಂಡಳು.

“ಕೊಳವೆಯಂತೆ ಅಣ್ಣ.”

“ಯಾವ ಕೊಳವೆ?”

“ಮಿಲ್ ಬೀದಿ ಕೊಳವೆ. ಅದನ್ನ ತೋರಿಸ್ತಾ ಇದ್ರಂತೆ. ಬೆಂಕಿ ಕೆದಕ್ಬೇಕು ಅಂತ ಇರ್ಲಿಲ್ಲವಂತೆ.”

“ಇತ್ತಂತಾ?”

“ಇರ್ಲಿಲ್ಲವಂತೆ.”

“ಜೋರಾಗಿ ಹೇಳೇ, ಬಾಯೊಳಗೇ ಗೊಣಗ್ಬೇಡ.”

“ಇರ್ಲಿಲ್ಲವಂತೆ ಅಣ್ಣ,” ಹೆಸ್ಟರ್ ಕೂಗಿದಳು. ಚರ್ಚಿನಲ್ಲಿ ಹಾಡುವ ದನಿ, ಬೀದಿಯ ಕೊನೆಯವರೆಗೂ ಹೋಯಿತು. “ಅಂಥ ಯೋಚನೆಯೇ ಅವರಿಗೆ ಇರ್ಲಿಲ್ಲವಂತೆ. ನಾನೇ ತಪ್ಪು ತಿಳ್ಕೊಂಡೆನಂತೆ.”

ಪಕ್ಕದ ಪಿಯಾನೋ ಯಾವಾಗಲೋ ನಿಂತಿತ್ತು.

ತಾನು ಬರೆದ ಉತ್ತರಗಳನ್ನು ದೂರು ಕೊಟ್ಟವರು ಓದುವಾಗ ಅವರ ಮುಖ ಹೇಗಿರುತ್ತದೆ ಎಂಬುದನ್ನು ಪ್ಲಿಮ್ಮರ್ ಇಪ್ಪತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಈಗ ನೋಡಿದ. ತಪ್ಪು ತಿಳಿದಳು ಎಂದು ತಾನು ಹೇಳಿರಲಿಲ್ಲ, ಅದೊಂದನ್ನು ಅವಳು ತಾನಾಗಿಯೇ ಸೇರಿಸಿದ್ದಳು, ಅದು ಇನ್ನೂ ಕಷ್ಟವಾಗಿತ್ತು.

“ಏಳು ನಿಮಿಷ ಆಯ್ತು,” ಎಂದರು ಮಿಸೆಸ್ ಸಗ್ಡನ್. “ಇಷ್ಟೇ ತಾನೇ? ಇನ್ನು ಹೊರಡಬಹುದಲ್ಲ.”

“ತಾಳು ಅಕ್ಕ,” ಎಂದಳು ಹೆಸ್ಟರ್. ಅಣ್ಣನಿಗೆ ಕೇಳಿಸದ ಮೆಲುದನಿಯಲ್ಲಿ, ತೆರೆಯನ್ನು ಪಕ್ಕಕ್ಕೆ ಸರಿಸಿ ಪ್ಲಿಮ್ಮರ್‌ಗೆ ಹೇಳಿದಳು. “ನಿಮ್ಮನ್ನ ಒಂದು ಕೇಳ್ತೀನಿ. ಇಷ್ಟು ವರ್ಷ ಇಲ್ಲಿ ನಡುಗ್ತಾ ಕೂತಿದ್ರಲ್ಲ, ಬೆಂಕಿ ಯಾಕೆ ಆರ್ತಾ ಬರುತ್ತೆ ಅಂತ ಒಂದು ಸಲವಾದ್ರೂ ಯೋಚ್ನೆ ಮಾಡಿದ್ರಾ?”

“ನೀವು ಇದ್ದಲು ಉಳಿಸ್ತೀರಿ ಅಂದ್ಕೊಂಡಿದ್ದೆ.”

“ಇದ್ದಲು.” ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. “ನೆಲಮಾಳಿಗೆ ತುಂಬ ಇದ್ದಲಿದೆ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಬೆಂಕಿ ಕುಂದೋ ಹಾಗೆ ನೋಡ್ಕೊಂಡೆ. ಅಣ್ಣನ ಕಾಲು ನೋಯುತ್ತೆ, ಪಾಪ, ಅವನು ಏನೂ ಅನ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಎರಡನೇ ಚಳಿಗಾಲಕ್ಕೆ ಎದ್ದು ಕೆದಕ್ತಿದ್ರು. ನೀವು ಕೈನ ತೊಡೆ ಕೆಳಗೆ ಇಟ್ಕೊಂಡು ಕೂತ್ರಿ. ಹೋದ ವಾರ ನೀವು ಸಲಾಕೆ ಹಿಡಿದು ನಿಂತಿದ್ದನ್ನ ನೋಡಿ ಕೊನೆಗೂ ಎದ್ರಲ್ಲ ಅಂದ್ಕೊಂಡೆ. ಅದು ನೋಡಿದ್ರೆ ಕೊಳವೆ.”

ಎಲ್ಲರಿಗೂ ತಿಳಿದದ್ದು ಪ್ಲಿಮ್ಮರ್‌ಗೆ ತಿಳಿಯುವುದು ಯಾವಾಗಲೂ ಕೊನೆಗೆ. ಆದರೆ ಇದು ತಿಳಿದಾಗ ಪೂರ್ತಿ ತಿಳಿಯಿತು. ಆರು ವರ್ಷ ಚಳಿಯಲ್ಲಿ ಕೂತದ್ದು ತಾನೊಬ್ಬನೇ ಅಲ್ಲ. ಅವಳೂ ಕೂತಿದ್ದಳು, ಎದುರಿಗೇ.

ಅವನು ಏನೋ ಹೇಳಿದ. ಹೆಸ್ಟರ್‌ಗೆ ಕೇಳಿಸಿತು. ಅವಳ ಕೈ ಮಡಿಲಲ್ಲಿ ಸುಮ್ಮನಾಯಿತು.

“ಏನಂತೆ?” ಎಂದರು ಏಮಸ್.

ಹೆಸ್ಟರ್ ಈ ಸಲ ಕೂಗಲಿಲ್ಲ. “ನನ್ನ ಗಂಟಲು ಆಗ್ಲೇ ಒಣಗಿದೆ,” ಎಂದಳು ಪ್ಲಿಮ್ಮರ್‌ನ ಮುಖ ನೋಡಿ. “ಇದನ್ನ ನೀವೇ ಹೇಳ್ಬೇಕು.”

ಪ್ಲಿಮ್ಮರ್ ಎದ್ದು ನಿಂತ. ಸಣ್ಣ ದನಿಯಲ್ಲಿ ಒಮ್ಮೆ ಹೇಳಿದ. ಏಮಸ್ ಕಿವಿಯ ಹಿಂದೆ ಅಂಗೈ ಒಡ್ಡಿಕೊಂಡರು. ಇನ್ನೊಮ್ಮೆ ಹೇಳಿದ. ಏಮಸ್ ಕೇಳಿಸಲಿಲ್ಲವೆಂದು ತಲೆ ಆಡಿಸಿದರು. ಆಗ ಅವನು ಕಣ್ಣು ಮುಚ್ಚಿಕೊಂಡ. ಚಿಕ್ಕಪ್ಪನ ಮನೆಯಲ್ಲಿ ಕೂಗದೆ ಉಳಿಸಿದ್ದು, ಮಿಸೆಸ್ ಗಾರ್ಸೈಡ್ ಮುಂದೆ ಕೂಗದೆ ನುಂಗಿದ್ದು, ಅಂಗಡಿಯಲ್ಲಿ ಕೂಗದೆ ಬಿಟ್ಟದ್ದು ಎಲ್ಲವೂ ಸೇರಿ ಗಾಜಿನ ಕಿಟಕಿ ಅದುರುವಂತೆ ಹೊರಬಂತು.

“ನಾನು ಈ ಮನೆಯವನಾಗ್ಬೇಕು ಅಂದೆ ಸಾರ್. ಹೆಸ್ಟರ್‌ನ ಮದುವೆ ಮಾಡ್ಕೋಬೇಕು ಅಂದೆ. ಇದು ಕೊಳವೆ ವಿಷಯ ಅಲ್ಲ.”

ಗೋಡೆಯ ಆಚೆ ಪಿಯಾನೋದ ಮುಚ್ಚಳ ದಬ್ಬೆಂದು ಬಿತ್ತು. ಬೀದಿಯಲ್ಲಿ ಯಾರೋ ನಡೆಯುತ್ತಿದ್ದವರು ನಿಂತದ್ದು ಕೇಳಿಸಿತು. ಮಿಸೆಸ್ ಸಗ್ಡನ್ ಸಲಾಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಏಮಸ್ ಪ್ಲಿಮ್ಮರ್‌ನನ್ನು ಒಂದು ಗಳಿಗೆ ನೋಡಿದರು. ಹರಾಜಿನಲ್ಲಿ ಕೊನೆಯ ಕೂಗು ಬಿದ್ದ ಮೇಲೆ ಹೀಗೆಯೇ ಒಂದು ಗಳಿಗೆ ತಡೆದು ನೋಡುವುದು ಅವರ ಅಭ್ಯಾಸವಾಗಿತ್ತು.

“ಅಷ್ಟೇ ತಾನೇ? ಅದಕ್ಕೆ ಯಾಕಯ್ಯಾ ಹೀಗೆ ಕಿರುಚ್ತೀಯ,” ಎಂದರು. “ಹೆಸ್ಟರ್, ಅವನ ಕೈಯಿಂದ ಆ ಹ್ಯಾಟು ತಗೋ.”

ಅವಳು ಎದ್ದು ಬಂದು ತೆಗೆದುಕೊಂಡಳು. ಅದರ ಅಂಚು ಬೆವರಿಗೆ ಮೆತ್ತಗಾಗಿತ್ತು. ಅದನ್ನು ಒಯ್ದು ಬಾಗಿಲ ಪಕ್ಕದ ಗೂಟಕ್ಕೆ, ಅಣ್ಣನ ಹ್ಯಾಟಿನ ಪಕ್ಕದಲ್ಲಿ ತೂಗುಹಾಕಿದಳು. ಹಿಡಿದುಕೊಳ್ಳಲು ಏನೂ ಇಲ್ಲದ ಎರಡು ಕೈಗಳನ್ನು ಏನು ಮಾಡಬೇಕೆಂದು ತೋಚದೆ ಪ್ಲಿಮ್ಮರ್ ಅವನ್ನು ಬೆಂಕಿಗೆ ಒಡ್ಡಿದ.

ಹದಿನೈದು ನಿಮಿಷ ಆಯಿತು ಎಂದರು ಮಿಸೆಸ್ ಸಗ್ಡನ್. ಆಯಿತೆಂದು ಯಾರೂ ಏಳಲಿಲ್ಲ.